ಕುರ್ಲಾ ಸಾಲಿಯ ತಗಡಿನ ಡಬ್ಬಿ

ಹೊಟ್ಟೆಕಿಚ್ಚಿಗೆ ರೈಲಿನ ಟಿಕೀಟು ಬೇಕಾಗುವುದಿಲ್ಲ. ನಾನು ನವಲಗುಂದದ ಬಸ್ಸು ಹತ್ತುವ ಮೊದಲೇ ನನ್ನದು ಮುಂಬಯಿಗೆ ಹೋಗಿ ಕಾದು ಕೂತಿತ್ತು.

ನಮ್ಮೂರ ಹಿರಿಯರ ಪ್ರಕಾರ ಪುಣೆ ದಾಟಿದರೆ ಪರದೇಶ. ಮುಂಬಯಿಗೂ ವಿಲಾಯತಿಗೂ ಅವರು ದೊಡ್ಡ ಭೇದ ಮಾಡುವವರಲ್ಲ. ಹೀಗಾಗಿ ನಾನು ಹೊರಟ ದಿನ ಓಣಿಯ ಮಂದಿಯೆಲ್ಲ ಕೂಡಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟರು, ಅಲ್ಲಿಯ ನೀರು ಕಾಯಿಸದೆ ಕುಡಿಯಬೇಡ ಎಂದರು. ಯಾಕೆ ಹೊರಟಿದ್ದೀ ಎಂದು ಮಾತ್ರ ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳುವುದು ಕಷ್ಟವಾಗುತ್ತಿತ್ತು. ಮುಂಬಯಿಯಲ್ಲಿ ಎಲ್ಲರೂ ನೋಡುವುದು ಸಮುದ್ರವನ್ನು. ನಾನು ಹೊರಟಿದ್ದು ಕುರ್ಲಾದ ಒಂದು ಪ್ರಾಥಮಿಕ ಶಾಲೆಯ ಮೂರನೆಯ ತರಗತಿಯನ್ನು ನೋಡಲು.

ಕಾರಣ ನಮ್ಮ ಶಾಲಾ ತಪಾಸಣೆಯ ಸಾಹೇಬರು. ತಾಲೂಕಿನ ಶಿಕ್ಷಕರ ಸಭೆಯಲ್ಲಿ ಪ್ರತಿ ವರ್ಷ ಒಬ್ಬರು ಎಲ್ಲರೆದುರು ಮಾದರಿ ಪಾಠ ಮಾಡಿ ತೋರಿಸಬೇಕು. ಎಷ್ಟೋ ವರ್ಷದಿಂದ ಆ ಒಬ್ಬ ನಾನೇ. ನನ್ನ ವಾಚನ ಕೇಳಲೆಂದೇ ಪಕ್ಕದೂರಿನ ಮಾಸ್ತರರು ಬರುತ್ತಿದ್ದರು. ನನ್ನ ತರಗತಿಯಲ್ಲಿ ನೊಣ ಹಾರಿದರೂ ಕೇಳಿಸುತ್ತದೆ ಎಂದು ಸಾಹೇಬರೇ ಷರಾ ಬರೆದಿದ್ದರು. ಅಂಥ ಸಾಹೇಬರು ಈ ಸಲ ಬಂದವರು ಕುರ್ಚಿಯಲ್ಲಿ ಕೂತು ಹೇಳಿದರು: “ಶಿವಪ್ಪ ಮಾಸ್ತರ, ಕುರ್ಲಾದ ಕನ್ನಡ ಸಾಲ್ಯಾಗ ಗುರುಪಾದ ಅಂತ ಒಬ್ಬಾಂವ ಅದಾನ. ಅವನ ವರ್ಗದಾಗ ಮಾಸ್ತರ ಪ್ರಶ್ನೆ ಕೇಳೂದಿಲ್ಲ, ಹುಡುಗರು ಕೇಳತಾವ. ಓದಿದ್ದು ಎಷ್ಟು ತಿಳೀತು ಅನ್ನೂದು ಅದರಾಗ ಗೊತ್ತಾಗತೈತಿ. ಈ ವರ್ಷ ಮಾದರಿ ಪಾಠ ಹಂಗ ಆಗಬೇಕು. ನೀವು ನೋಡಿಬಂದು ಮಾಡತೀರೋ, ಅವನ್ನ ಕರಸಲ್ಯೋ?”

ಗುರುಪಾದ! ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿ ನನ್ನ ಪಕ್ಕದಲ್ಲಿ ಕೂತವನು. ಅಕ್ಷರ ಕಾಗೆ ಕಾಲು, ಗುಬ್ಬಿ ಕಾಲು. ಪದ್ಯ ಹೇಳಲು ನಿಂತರೆ ಗಂಟಲು ಕಟ್ಟುತ್ತಿತ್ತು. ಅಭ್ಯಾಸ ಪಾಠದ ದಿನ ನಡುವೆ ಎಲ್ಲ ಮರೆತು ಗೋಡೆ ನೋಡುತ್ತ ನಿಂತಿದ್ದ. ಅವನಿಂದ ನಾನು ಕಲಿಯಬೇಕೆ? “ನಾನ ಮಾಡತೀನ್ರಿ” ಎಂದೆ. ಎಂಟು ದಿನದ ರಜೆ ಮಂಜೂರಾಯಿತು. ಒಳಗೊಳಗೆ ನನ್ನ ಹಂಚಿಕೆ ಬೇರೆ ಇತ್ತು. ಹೋಗಿ, ಅದರಲ್ಲಿ ಹುರುಳಿಲ್ಲವೆಂದು ಪಟ್ಟಿ ಮಾಡಿ ಸಾಹೇಬರ ಕೈಗೆ ಕೊಡುವುದು.

ಪುಣೆ

ನಮ್ಮ ಸಣ್ಣ ಹಳಿಯ ಗಾಡಿ ಪುಣೆಗೆ ಬಂದು ನಿಂತುಬಿಡುತ್ತದೆ. ಮುಂದೆ ಹೋಗುವವರು ಗಂಟುಮೂಟೆ ಹೊತ್ತು ಅಗಲ ಹಳಿಯ ಗಾಡಿಗೆ ಏರಬೇಕು. ನಾನು ಏರಿ, ಜಾಗ ಹಿಡಿದು, ಪುಸ್ತಕ ತೆಗೆದೆ. ಗುರುಪಾದ ನನ್ನಿಂದ ಒಂದು ಪಾಠ ಮಾಡಿಸದೆ ಬಿಡುವುದಿಲ್ಲ ಎಂದು ಗೊತ್ತಿತ್ತು. ಅದಕ್ಕೆ ನನ್ನ ಕೈಲಿದ್ದ ಅಸ್ತ್ರ ‘ಗಂಗವ್ವನ ಕೊಡ’.

ಮೂರನೆಯ ಇಯತ್ತೆಯ ಪುಸ್ತಕದ ಆ ಪಾಠ ನನ್ನ ನಾಲಿಗೆಯ ಮೇಲಿದೆ. ಗಂಗವ್ವ ಎಂಬ ಹುಡುಗಿ ದೂರದ ಬಾವಿಯಿಂದ ನೀರು ಹೊತ್ತು ತರುತ್ತಾಳೆ. ದಾರಿಯಲ್ಲಿ ಎಡವಿ ಬಿದ್ದು ಕೊಡ ಒಡೆಯುತ್ತದೆ. ಕೂತು ಅಳುತ್ತಾಳೆ. ಅಷ್ಟರಲ್ಲಿ ಬಾಯಾರಿದ ಮುದುಕನೊಬ್ಬ ಬರುತ್ತಾನೆ. ಗಂಗವ್ವ ಅವನಿಗೆ ನೀರು ಕುಡಿಸಿ ಪುಣ್ಯ ಕಟ್ಟಿಕೊಳ್ಳುತ್ತಾಳೆ. ಕೊಡ ಒಡೆಯುವಲ್ಲಿ ನಾನು ದನಿ ಇಳಿಸಿ, ಒಂದು ಉಸಿರು ನಿಂತು, ಮುಂದಿನ ವಾಕ್ಯ ನಡುಗುವ ಗಂಟಲಲ್ಲಿ ಓದುತ್ತೇನೆ. ಒಮ್ಮೆ ಸಾಹೇಬರು ಕರವಸ್ತ್ರ ತೆಗೆದದ್ದು ಅಲ್ಲಿಯೇ.

ಗಾಡಿಯಲ್ಲಿ ಅದನ್ನೇ ಮೆಲ್ಲಗೆ ಅಂದುಕೊಳ್ಳುತ್ತಿದ್ದೆ. ಎದುರಿಗಿದ್ದ ಮರಾಠಿ ಅಜ್ಜಿ ಬಹಳ ಹೊತ್ತು ಕಣ್ಣು ಮುಚ್ಚಿ ಕೇಳಿ, ಮುಗಿದ ಮೇಲೆ ನನಗೆ ಕೈಮುಗಿದು, ಇದು ಯಾವ ದೇವರ ಸ್ತೋತ್ರ ಎಂದು ಕೇಳಿದಳು. ನನ್ನ ವಾಚನ ಭಾಷೆ ಬಾರದವರ ಮನಸ್ಸನ್ನೂ ಕರಗಿಸುತ್ತದೆ ಎಂದು ಬೀಗಿದೆ. ಅವಳಿಗೆ ಅರ್ಥವಾಗದೆಯೇ ಸಂತೋಷವಾಗಿತ್ತು ಎಂಬುದು ಆಗ ಹೊಳೆಯಲಿಲ್ಲ.

ದಾದರ, ಅಲ್ಲಿಂದ ಮುಲುಂಡ್

ಮುಲುಂಡ್ ನೋಡುವ ಆಸೆ ನನಗಿರಲಿಲ್ಲ. ಬರುತ್ತೇನೆಂದು ತಿಳಿಸಿದ್ದಕ್ಕೆ ಬಂದ ಗುರುಪಾದನ ಕಾಗದದಲ್ಲಿ ಸ್ಪಷ್ಟವಾಗಿ ಬರೆದಿತ್ತು: ದಾದರದಲ್ಲಿ ಲೋಕಲ್ ಹಿಡಿ, ಕುರ್ಲಾದಲ್ಲಿ ಇಳಿ, ಪ್ಲಾಟ್‌ಫಾರ್ಮು ಯಾವ ಬಾಜೂ ಬರುತ್ತದೆಂದು ಯಾರನ್ನಾದರೂ ಕೇಳು. ಕೊನೆಯ ಮಾತು ಓದಿ ನನಗೆ ಸಿಟ್ಟು ಬಂದಿತ್ತು. ಹತ್ತು ಹಳ್ಳಿಯ ಮಂದಿ ಏನಾದರೂ ಕೇಳಲು ನನ್ನ ಕಡೆ ಬರುತ್ತಾರೆ. ನಾನು ಹೋಗಿ ದಾರಿಹೋಕನನ್ನು ಕೇಳಲೆ?

ಲೋಕಲಿನಲ್ಲಿ ಮೈಗೆ ಮೈ ಅಂಟಿಕೊಂಡು ನಿಂತವರು ಮಾತ್ರ ಒಬ್ಬರನ್ನೊಬ್ಬರು ಕೇಳುವುದೇ ಕೇಳುವುದು. ಎಲ್ಲಿ ಇಳೀತೀ, ಮುಂದಿನದು ಯಾವುದು, ನೀನು ಮೊದಲೋ ನಾನು ಮೊದಲೋ. ಉತ್ತರ ಸಿಕ್ಕಿದೊಡನೆ ಜಾಗ ಅದಲುಬದಲು ಮಾಡಿಕೊಳ್ಳುತ್ತಾರೆ. ಒಬ್ಬ ನನ್ನನ್ನೂ ಕೇಳಿದ. “ಕುರ್ಲಾ” ಎಂದು ಗತ್ತಿನಿಂದ ಹೇಳಿ ನನಗೆ ಸರಿಕಂಡ ಬಾಗಿಲಿಗೆ ಮುಖ ಮಾಡಿ ನಿಂತೆ. ಕುರ್ಲಾ ಬಂತು. ಪ್ಲಾಟ್‌ಫಾರ್ಮು ನನ್ನ ಬೆನ್ನ ಹಿಂದೆ ಬಂತು. ತಿರುಗುವಷ್ಟರಲ್ಲಿ ಏರುವ ಮಂದಿ ನನ್ನನ್ನೂ ನನ್ನ ರೊಟ್ಟಿಗಂಟನ್ನೂ ಒಳಕ್ಕೆ ಒತ್ತಿದರು. ಘಾಟಕೋಪರದಲ್ಲೂ ಅದೇ ಪಾಡು. ಗದ್ದಲ ಕಡಿಮೆಯಾಗಿ ನನ್ನ ಕಾಲು ನೆಲ ಮುಟ್ಟಿದ್ದು ಮುಲುಂಡಿನಲ್ಲಿ.

ಅಲ್ಲಿಯೂ ಯಾರನ್ನೂ ಕೇಳದೆ ಬೋರ್ಡು ಓದುತ್ತ ಅಡ್ಡಾಡಿದೆ. ಕಪ್ಪು ಟೊಪ್ಪಿಗೆಯ ಒಬ್ಬ ಗೃಹಸ್ಥ ಬಾಕಿನ ಮೇಲೆ ಕೂತು ಸ್ವಲ್ಪ ಹೊತ್ತು ನನ್ನನ್ನು ನೋಡಿ, “ಮಾಸ್ತರ ಆಹಾತ್ ಕಾ?” ಎಂದ. ಹೌದು, ಹೇಗೆ ಗೊತ್ತಾಯಿತು ಎಂದೆ. ನಕ್ಕು ಹೇಳಿದ: “ಚುಕಲೇ ತರೀ ವಿಚಾರತ್ ನಾಹೀತ್.” ಮಾಸ್ತರರು ದಾರಿ ತಪ್ಪಿದರೂ ಕೇಳುವುದಿಲ್ಲವಂತೆ. ಅವನ ಅಪ್ಪನೂ ಮಾಸ್ತರನಾಗಿದ್ದನಂತೆ. ಆಮೇಲೆ ನನ್ನ ಕೈ ಹಿಡಿದುಕೊಂಡು ಹೋಗಿ ಸರಿಯಾದ ಗಾಡಿಗೆ, ಸರಿಯಾದ ಬಾಗಿಲಿಗೆ ಹಚ್ಚಿದ.

ಕುರ್ಲಾ, ಮೊದಲ ದಿನ

ಗುರುಪಾದನ ಮನೆ ಚಾಳಿನ ಎರಡನೆಯ ಮಾಳಿಗೆಯಲ್ಲಿ ಒಂದೇ ಖೋಲಿ. ಇಡೀ ಮಾಳಿಗೆಗೆ ಒಂದು ನಳ, ಬೆಳಗ್ಗೆ ಸ್ವಲ್ಪ ಹೊತ್ತು ಮಾತ್ರ ನೀರು. ಅದನ್ನು ನೋಡಿ ನನಗೆ ಆದ ಸಮಾಧಾನ ಹೇಳಿದರೆ ನಾಚಿಕೆ. ನಮ್ಮ ಮನೆಯ ದನದ ಕೊಟ್ಟಿಗೆ ಇದಕ್ಕಿಂತ ದೊಡ್ಡದಿದೆ ಎಂದುಕೊಂಡು ಕಾಲು ಚಾಚಿದೆ, ಕಾಲು ಗೋಡೆಗೆ ತಾಗಿತು. ಗುರುಪಾದನ ಹೆಂಡತಿ ಪಾರ್ವತಿ ನಕ್ಕಳು. “ಬರ್ರಿ ಅಣ್ಣಾರ, ಇಲ್ಲೆ ಕಾಲು ಚಾಚೂದನ್ನೂ ಒಬ್ಬರನ್ನ ಕೇಳಿ ಚಾಚಬೇಕು” ಎಂದು ಚಹಾ ಕೊಟ್ಟಳು.

ಶಾಲೆ ಇನ್ನೊಂದು ಚಾಳಿನ ಕೆಳಗಿನ ಎರಡು ಕೋಣೆ. ಗಿರಣಿ ಕೆಲಸಗಾರರ ಮಕ್ಕಳು, ಉಡುಪಿ ಕಡೆಯ ಹೊಟೇಲಿನವರ ಮಕ್ಕಳು. ಅರ್ಧ ಕನ್ನಡ, ಕಾಲು ಹಿಂದಿ, ಕಾಲು ಮರಾಠಿ. ನಾನು ಹಿಂದಿನ ಬಾಕಿನಲ್ಲಿ ನೋಟುಪುಸ್ತಕ ಬಿಚ್ಚಿ ಕೂತೆ. ಮೊದಲ ತಪ್ಪು ಆಗಲೇ ಬರೆದುಕೊಂಡೆ: ಮೇಜಿನ ಮೇಲೆ ಛಡಿ ಇಲ್ಲ.

ಅಂದಿನ ಪಾಠ ಸುಗ್ಗಿಯ ಕಣದ ಬಗ್ಗೆ. ಗುರುಪಾದ ಓದಲಿಲ್ಲ, ವಿವರಿಸಲಿಲ್ಲ. ಹೆಸರನ್ನೂ ಚಿತ್ರವನ್ನೂ ಮಾತ್ರ ನೋಡಲು ಹೇಳಿ, “ಏನ್ ಕೇಳಬೇಕನಸ್ತದ, ಕೇಳ್ರಿ” ಎಂದ. ಆಮೇಲೆ ಸಂತೆ! ಒಂದೊಂದು ಪ್ರಶ್ನೆಯನ್ನೂ ಕೇಳಿದವರ ಮಾತಿನಲ್ಲೇ, ಕೇಳಿದವರ ಹೆಸರು ಪಕ್ಕದಲ್ಲಿಟ್ಟು, ತನ್ನ ಅದೇ ಕಾಗೆ ಕಾಲಿನ ಅಕ್ಷರದಲ್ಲಿ ಹಲಗೆಯ ಮೇಲೆ ಬರೆದ. ತಿದ್ದಲಿಲ್ಲ. ‘ಇಷ್ಟು ಜೋಳ ಯಾವ ಲೋಕಲ್‌ದಾಗ ತರತಾರ?’ ‘ಕಣದಾಗ ಚಪ್ಪಲಿ ಯಾಕ ಹಾಕಿಲ್ಲ?’ ಗಿರಣಿಯವನ ಮಗ ಮಲ್ಲಪ್ಪ ಎದ್ದು ನಿಂತು, “ಗುರುಜಿ, ಎತ್ತಿಗೆ ಸೂಟಿ ಯಾವ ದಿವಸ?” ಎಂದ. ಅದನ್ನೂ ಬರೆದ.

ಆಮೇಲೆ ಮಕ್ಕಳು ಓದಿದವು, ತುಟಿ ಮುಚ್ಚಿಕೊಂಡು! ವಾಚನವೇ ಇಲ್ಲದ ವಾಚನ ಪಾಠ. ಇದನ್ನೂ ಬರೆದುಕೊಂಡೆ. ಉತ್ತರ ಸಿಕ್ಕವರು ಬರಿದೆ ಹೇಳುವಂತಿಲ್ಲ, ಪುಟದ ಮೇಲೆ ಬೆರಳಿಟ್ಟು ಎಲ್ಲಿದೆ ಎಂದು ತೋರಿಸಬೇಕು. ಹಲಗೆಯ ಪ್ರಶ್ನೆಗಳು ಒಂದೊಂದಾಗಿ ಅಳಿಸಿಹೋದವು. ಎತ್ತಿನ ಸೂಟಿಯ, ಅಂದರೆ ರಜೆಯ ಪ್ರಶ್ನೆ ಮಾತ್ರ ಉಳಿಯಿತು. ಪಾಠದಲ್ಲಿ ಉತ್ತರವಿಲ್ಲದ್ದನ್ನು ಚೀಟಿಯಲ್ಲಿ ಬರೆದು ಬಿಸ್ಕೀಟಿನ ತಗಡಿನ ಡಬ್ಬಿಗೆ ಹಾಕುವುದು ಅವರ ಪದ್ಧತಿ. ಮಲ್ಲಪ್ಪ ಚೀಟಿ ಬರೆಯುತ್ತಿದ್ದಾಗ ನನಗೆ ತಡೆಯಲಾಗಲಿಲ್ಲ. “ಸೋಮವಾರ! ಸೋಮವಾರ ಎತ್ತು ಹೂಡೂದಿಲ್ಲ, ಬಸವಣ್ಣನ ವಾರ” ಎಂದುಬಿಟ್ಟೆ.

ಇಡೀ ತರಗತಿ ಹಿಂದೆ ತಿರುಗಿತು. ಇನ್ನೂ ಹೇಳು ಎನ್ನುವ ಹಾಗೆ ಮಕ್ಕಳು ನನ್ನನ್ನು ನೋಡಿದ್ದು ನನ್ನ ನೌಕರಿಯಲ್ಲಿ ಅದೇ ಮೊದಲು.

ಸಂಜೆ ಗುರುಪಾದ ಡಬ್ಬಿಯನ್ನೇ ನನ್ನ ಮುಂದೆ ತಂದಿಟ್ಟ. “ಇದರಾಗಿಂದು ಅರ್ಧ ನಮ್ಮ ಹಳ್ಳಿ ವಿಷಯ. ಇಲ್ಲೀ ಹುಡುಗರಿಗೆ ಕಣ ಗೊತ್ತಿಲ್ಲ, ಬಾವಿ ಗೊತ್ತಿಲ್ಲ. ಮೊದಲನೇ ವರ್ಷ ನಾ ಹೇಳಿದ್ದು ಒಂದೂ ತಲಿಗೆ ಹತ್ತಲಿಲ್ಲ. ಸೋತು, ನಿಮಗ ಏನ್ ತಿಳಿವಲ್ದು ನೀವ ಹೇಳ್ರಪಾ ಅಂದೆ. ಅವತ್ತಿಂದ ಹಿಂಗ ನಡದೈತಿ. ನೀ ಎಲ್ಲಾ ಬಲ್ಲಾಂವ, ಓದಿ ಉತ್ತರ ಹೇಳು.” ತಳದವರೆಗೂ ಒಂದೊಂದು ಚೀಟಿ ಓದಿದೆ. ನೆಲದೊಳಗಿನ ಹಗೇವಿನಲ್ಲಿಟ್ಟ ಜೋಳಕ್ಕೆ ಉಸಿರು ಕಟ್ಟುವುದಿಲ್ಲವೆ? ಗುಬ್ಬಿ ಬೆದರಿಸುವ ಬೊಂಬೆಗೆ ಯಾರ ಅಂಗಿ ಹಾಕುತ್ತಾರೆ? ನಾನು ಹೇಳುತ್ತ ಹೋದೆ, ಗುರುಪಾದ ಬರೆದುಕೊಳ್ಳುತ್ತ ಹೋದ. ಆ ಒಂದು ಸಂಜೆ ನನ್ನ ಹೊಟ್ಟೆ ತಣ್ಣಗಿತ್ತು. ಇವನು ಇನ್ನೂ ನನ್ನ ನೋಟುಪುಸ್ತಕ ನೋಡಿ ಬರೆಯುವವನೇ ಎಂದುಕೊಂಡೆ.

ಕುರ್ಲಾ, ಎರಡನೆಯ ದಿನ

“ಇವತ್ತ ನೀನ ಪಾಠ ಮಾಡು” ಎಂದ ಗುರುಪಾದ, ನಾನು ಎಣಿಸಿದ್ದಂತೆಯೇ. ‘ಗಂಗವ್ವನ ಕೊಡ’ ಅವನ ತರಗತಿಯಲ್ಲಿ ಇನ್ನೂ ಆಗಿರಲಿಲ್ಲ. ಗುಟ್ಟಿನಲ್ಲಿ ಹಿಗ್ಗಿದೆ.

ಅವನ ಹಾಗೆ ಸಂತೆ ಮಾಡಲಿಲ್ಲ. ಎದ್ದು ನಿಂತು ಓದಿದೆ. ಕೊಡ ಒಡೆಯುವಲ್ಲಿ ದನಿ ಇಳಿಸಿದೆ, ಉಸಿರು ನಿಲ್ಲಿಸಿದೆ, ಗಂಟಲು ನಡುಗಿಸಿದೆ. ಬಾಗಿಲಲ್ಲಿ ಹಾಯುತ್ತಿದ್ದ ಹೆಂಗಸೊಬ್ಬಳು ನಿಂತು ಕೇಳಿದಳು. ಮುಗಿಸಿ ತಲೆಯೆತ್ತಿದರೆ ಮುಂದಿನ ಸಾಲಿನ ವಾಸಂತಿಯ ಕೈ ಮೇಲಿತ್ತು. ಹೊಟೇಲಿನ ಅಡಿಗೆಯವರ ಮಗಳು, ಕುಂದಾಪುರದ ಕಡೆಯವಳು.

“ಗುರುಜಿ, ಕೊಡ ಒಡೆದು ಹೋಯ್ತಲ್ಲ? ಮತ್ತೆ ಆ ಅಜ್ಜನಿಗೆ ನೀರು ಕೊಟ್ಟದ್ದು ಎಲ್ಲಿಂದ?”

ನಾನು ಪುಸ್ತಕ ನೋಡಿದೆ. ಎರಡನೆಯ ಪರಿಚ್ಛೇದದಲ್ಲಿ ಕೊಡ ಚೂರುಚೂರು. ನಾಲ್ಕನೆಯದರಲ್ಲಿ ಗಂಗವ್ವ ಬೊಗಸೆ ತುಂಬ ನೀರೆರೆಯುತ್ತಿದ್ದಾಳೆ. ಹನ್ನೊಂದು ವರ್ಷ! ಹನ್ನೊಂದು ವರ್ಷ ಆ ಒಡೆದ ಕೊಡದಿಂದ ನೀರು ಕುಡಿಸಿದ್ದೇನೆ, ತಾಲೂಕಿನ ಮಾಸ್ತರರೆಲ್ಲರ ಎದುರಿಗೆ ಕುಡಿಸಿದ್ದೇನೆ. ಒಬ್ಬರೂ ಕೇಳಲಿಲ್ಲ, ನನಗೂ ಕಾಣಲಿಲ್ಲ.

“ಇನ್ನೊಂದು ಕೊಡ ತಂದಿರಬೇಕು” ಎಂದೆ.

“ಎಲ್ಲಿ ಬರೆದಿದೆ? ಬೆರಳಿಟ್ಟು ತೋರಿಸಿ ಗುರುಜಿ.”

ಅಷ್ಟರಲ್ಲಿ ಮಲ್ಲಪ್ಪನ ತಕರಾರು: “ಎರಡನೇ ಕೊಡಕ್ಕ ಮತ್ತ ನಂಬರ್ ಹಚ್ಚಬೇಕಲ್ರೀ. ಅಷ್ಟೊತ್ತಿಗೆ ನಳ ಹೋಗಿರತೈತಿ.” ಉಳಿದವೂ ಶುರು ಮಾಡಿದವು. ಅವಳ ಅವ್ವ ಬೈಯಲಿಲ್ಲವೆ? ನಂಬರ್ ಹಿಡಿದವರು ಯಾರು? ದಿನಾ ಬೆಳಗ್ಗೆ ನಳದ ಮುಂದೆ ಸಾಲು ಹಚ್ಚಿ ನಿಲ್ಲುವ ಮಕ್ಕಳು. ಒಂದು ಕೊಡ ನೀರು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು ಅವಕ್ಕೆ ಯಾರೂ ಕಲಿಸಬೇಕಾಗಿರಲಿಲ್ಲ.

ನನ್ನ ಬಲಗೈ ತನ್ನಷ್ಟಕ್ಕೆ ಮೇಜಿನ ಮೇಲೆ ಏನನ್ನೋ ತಡಕಿತು. ಛಡಿ ಇರಲಿಲ್ಲ. “ಸುಮ್ನ ಕೂಡ್ರಿ!” ಎಂದು ಗುಡುಗಿದೆ. ಕೂತವು. ನೊಣ ಹಾರಿದರೂ ಕೇಳಿಸುವಷ್ಟು ಸುಮ್ಮನೆ ಕೂತವು. ವಾಸಂತಿ ಎತ್ತಿದ್ದ ಕೈಯನ್ನು ಲಂಗದ ಮಡಿಕೆಯಲ್ಲಿ ಬಚ್ಚಿಟ್ಟುಕೊಂಡಳು.

ಗುರುಪಾದ ನಕ್ಕಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವನು ನಗಲಿಲ್ಲ. ಹಿಂದಿನ ಬಾಕಿನಿಂದ ಎದ್ದು ಬಂದು ವಾಸಂತಿಯ ಪ್ರಶ್ನೆಯನ್ನು ಹಲಗೆಯ ಮೇಲೆ ಬರೆದು, ಪಕ್ಕದಲ್ಲಿ ಅವಳ ಹೆಸರು ಬರೆದ. “ಚಲೋ ಪ್ರಶ್ನೆ. ನನಗೂ ಗೊತ್ತಿಲ್ಲ” ಎಂದ. ಮಕ್ಕಳ ಮುಂದೆ ನನಗೆ ಗೊತ್ತಿಲ್ಲ ಎಂದು ಹೇಳಿದ ಮಾಸ್ತರನನ್ನು ನಾನು ಕಂಡಿರಲಿಲ್ಲ. ಅವನು ಅದನ್ನು ಎಷ್ಟು ಸಲೀಸಾಗಿ ಹೇಳಿದನೆಂದರೆ, ನನಗೆ ಅವನ ಹೆಸರಿನ ಮೇಲೆ, ತರಗತಿಯ ಮೇಲೆ ಇದ್ದ ಕಿಚ್ಚೆಲ್ಲ ಸೇರಿ ಆ ಒಂದು ಮಾತಿನ ಮೇಲೆ ಬಂತು.

ಪರೇಲ್

ಹೊರಡುವ ಮೊದಲು ಪರೇಲಿನಲ್ಲಿ ಗಿರಣಿ ಕೆಲಸದಲ್ಲಿದ್ದ ನಮ್ಮೂರವನೊಬ್ಬನನ್ನು ಕಾಣಬೇಕಿತ್ತು. ಅವನ ಪಾಳಿ ಮುಗಿಯುವ ತನಕ ಹತ್ತಿರದ ಉಡುಪಿ ಹೊಟೇಲಿನಲ್ಲಿ ಕೂತು ಸಾಹೇಬರಿಗೆ ವರದಿ ಬರೆದೆ. ಗದ್ದಲ ಬಹಳ. ಶಿಸ್ತು ಇಲ್ಲ. ಸುಸ್ವರ ವಾಚನಕ್ಕೆ ತಿಲಾಂಜಲಿ. ಶಿಕ್ಷಕನ ಅಕ್ಷರ ಕೆಟ್ಟದ್ದು, ಶಿಕ್ಷಕನೇ ತನಗೆ ತಿಳಿಯದೆಂದು ಒಪ್ಪುತ್ತಾನೆ. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ ಡೊಂಕುಗಳನ್ನೆಲ್ಲ ಕ್ರಮವಾಗಿ ಜೋಡಿಸಿದೆ.

ಗಲ್ಲಾಪೆಟ್ಟಿಗೆಯ ಮುಂದಿದ್ದ ಭಟ್ಟರು ಬಹಳ ಹೊತ್ತಿನಿಂದ ನೋಡುತ್ತಿದ್ದರು. “ಎಂತದು ಮಾರಾಯ್ರೆ, ಕಾಗದ ಹರಿದುಹೋಗುವ ಹಾಗೆ ಬರೆಯುವುದು? ಕೋರ್ಟಿನದ್ದಾ?” ಎಂದರು. ಅಲ್ಲ, ಶಾಲೆಯದು ಎಂದೆ. ಕನ್ನಡದ್ದು ಎಂದಾಗ ಆಸೆಯಿಂದ ಕೈ ನೀಡಿದರು. ಕೊಟ್ಟೆ. ಕನ್ನಡಕ ಏರಿಸಿ ಪೂರ್ತಿ ಓದಿ, ಹಿಂದೆ ಮುಂದೆ ತಿರುಗಿಸಿ ನೋಡಿ ಕೇಳಿದರು:

“ಎಲ್ಲ ಉಂಟು. ಆದರೆ ಮಕ್ಕಳಿಗೆ ಓದಿದ್ದು ಅರ್ಥ ಆಗ್ತದಾ ಇಲ್ಲವಾ? ಅದು ಎಲ್ಲಿ ಬರೆದದ್ದು?”

ಬೆರಳಿಟ್ಟು ತೋರಿಸಲು ಜಾಗವಿರಲಿಲ್ಲ. ಈ ಊರಿನಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂತವರೂ ಗುರುಪಾದನ ಶಿಷ್ಯರೇ ಎಂದು ಮೈ ಉರಿಯಿತು. ಕಾಗದ ಮಡಿಚಿ ಜೇಬಿಗೆ ಹಾಕಿಕೊಂಡೆ. ಅದು ಜೇಬಿನಲ್ಲೇ ಊರಿಗೆ ಬಂತು.

ನಮ್ಮೂರು

ಸಾಹೇಬರು ಏನು ನೋಡಿಬಂದಿರಿ ಎಂದು ಕೇಳಿದಾಗ ಜೇಬಿಗೆ ಕೈ ಹೋಯಿತು, ಕಾಗದ ಹೊರಗೆ ಬರಲಿಲ್ಲ. “ಹುಡುಗರಿಗೆ ತಿಳೀತೈತ್ರಿ” ಎಂದೆ. “ಹಂಗಾದರ ನೀವ ಮಾಡ್ರಿ. ಸಭಾ ಹದಿನೈದು ದಿವಸ ಐತಿ” ಎಂದರು. ಗುರುಪಾದ ಬರುವುದು ತಪ್ಪಿತು ಎಂದು ನಿಟ್ಟುಸಿರು ಬಿಟ್ಟೆ. ಅವನ ತರಗತಿಯ ಮಕ್ಕಳು ಎತ್ತು ಗೊತ್ತಿಲ್ಲದೆಯೇ ಅಷ್ಟು ಕೇಳುತ್ತವೆ. ಎಲ್ಲ ಬಲ್ಲ ನನ್ನ ಮಕ್ಕಳು ಇನ್ನೆಷ್ಟು ಕೇಳಲಿಕ್ಕಿಲ್ಲ! ಪೇಟೆಯಿಂದ ಒಂದು ಬಿಸ್ಕೀಟಿನ ಡಬ್ಬಿಯನ್ನೂ ತಂದೆ, ಅವನದಕ್ಕಿಂತ ದೊಡ್ಡದು.

ಮೊದಲ ದಿನ ಪಾಠದ ಹೆಸರು, ಚಿತ್ರ ತೋರಿಸಿ, “ಕೇಳ್ರಿ” ಎಂದೆ. ನಲವತ್ತು ಮಕ್ಕಳು ನನ್ನನ್ನು ನೋಡುತ್ತ ಕೂತವು. ಎರಡನೆಯ ದಿನವೂ ಹಾಗೆಯೇ. ಮೂರನೆಯ ದಿನ ಸಿಟ್ಟು ನೆತ್ತಿಗೇರಿ, “ಕೇಳ್ರಿ ಅಂದ್ರ ಕೇಳಬೇಕು!” ಎಂದು ಮೇಜಿಗೆ ಛಡಿಯಿಂದ ಬಡಿದೆ. ಡಬ್ಬಿ ಹಾರಿ ಕೆಳಗೆ ಬಿತ್ತು. ಯಾರೂ ಉಸಿರೆತ್ತಲಿಲ್ಲ. ಬೇಕೆಂದೇ ನನ್ನ ಮಾನ ಕಳೆಯುತ್ತಿವೆ ಎಂದು ಅವುಗಳ ಮೇಲೆಯೇ ಹರಿಹಾಯ್ದೆ. ಗುರುಪಾದನಿಗೆ ಒಳ್ಳೆಯ ಮಕ್ಕಳು ಸಿಕ್ಕಿವೆ, ನನಗೆ ಕಲ್ಲು ಸಿಕ್ಕಿವೆ ಎಂದುಕೊಂಡೆ.

ನಾಲ್ಕನೆಯ ದಿನ ‘ಗಂಗವ್ವನ ಕೊಡ’ವನ್ನೇ ತೆಗೆದೆ. ಇದರಲ್ಲಾದರೂ ಕೇಳದೆ ಇರುತ್ತಾರೆಯೆ? ಎಲ್ಲರೂ ಓದಿ ಮುಗಿಸಿದರು. ನಾನು ಕಾದೆ. ಕೊನೆಗೆ ಗೋಡೆಯ ಬದಿಯ ನೀಲವ್ವ ಒಂದು ಬೆರಳೆತ್ತಿದಳು, ಅರ್ಧವೇ ಎತ್ತಿದಳು. ವರ್ಷವಿಡೀ ಹಾಜರಿಗೆ ‘ಇದ್ದೀನ್ರಿ’ ಎನ್ನುವುದೊಂದು ಬಿಟ್ಟು ಬಾಯಿ ತೆರೆಯದ ಹುಡುಗಿ. ನನಗೆ ಎಷ್ಟು ಸಂತೋಷವಾಯಿತೆಂದರೆ ಸೀಮೆಸುಣ್ಣ ಹಿಡಿದು ಹಲಗೆಗೆ ತಿರುಗಿಯೇ ನಿಂತೆ. “ಕೇಳವಾ, ಕೇಳು. ನೀ ಹೆಂಗ ಕೇಳತೀಯೋ ಹಂಗ ಬರೀತೀನಿ.”

“ಕೇಳಿದ್ರ ಹೊಡಿತೀರೇನ್ರಿ, ಮಾಸ್ತರ?”

ಮಾತು ಕೊಟ್ಟಾಗಿತ್ತು. ಅವಳು ಹೇಳಿದ ಹಾಗೆಯೇ ಬರೆದೆ. ಪಕ್ಕದಲ್ಲಿ ಹೆಸರು ಬರೆದೆ, ನೀಲವ್ವ. ನನ್ನ ಮುತ್ತಿನಂಥ ಅಕ್ಷರ ಅಂದು ಗುರುಪಾದನ ಅಕ್ಷರದ ಹಾಗೆ ಬಂದಿತ್ತು. ತಿರುಗಿ ನೋಡುವ ಧೈರ್ಯವಾಗದೆ, ಪದ್ಧತಿಯ ಮುಂದಿನ ಮಾತು ಬಾಯಿಗೆ ಬಂದಂತೆ ಅಂದೆ: “ಉತ್ತರ ಪಾಠದಾಗ ಐತೇನು ಹುಡುಕ್ರಿ.”

ಹಾಳೆ ತಿರುವುವ ಸಪ್ಪಳ ಕೇಳಿತು. ನಲವತ್ತು ಮಕ್ಕಳು ಸಾಲಿನ ಮೇಲೆ ಬೆರಳಿಟ್ಟುಕೊಂಡು, ನಾನು ಹೊಡೆಯುತ್ತೇನೋ ಇಲ್ಲವೋ ಎಂದು ಗಂಗವ್ವನ ಕಥೆಯಲ್ಲಿ ಹುಡುಕಿದವು. ಬಹಳ ಹೊತ್ತು, ಬಹಳ ಶ್ರದ್ಧೆಯಿಂದ ಹುಡುಕಿದವು. ಕೊನೆಗೆ ನೀಲವ್ವನೇ ಹೇಳಿದಳು: “ಪಾಠದಾಗ ಇಲ್ರೀ.”

ಛಡಿಯನ್ನು ಮುರಿದು ಕಿಡಕಿಯಿಂದ ಹೊರಗೆ ಎಸೆದೆ. ಅದು ಉತ್ತರವೆಂದು ಮಕ್ಕಳು ನಂಬಲಿಲ್ಲ. ಇನ್ನೊಂದು ಛಡಿ ತರಬಹುದು ಎಂದು ಅವಕ್ಕೆ ಗೊತ್ತು. ಅಂದು ಸಂಜೆ ಸಾಹೇಬರಿಗೆ ಕಾಗದ ಬರೆದೆ, ಮಾದರಿ ಪಾಠಕ್ಕೆ ಗುರುಪಾದನನ್ನೇ ಕರೆಸಿರಿ, ಅವನು ಬಂದರೆ ನಮ್ಮ ಮನೆಯಲ್ಲಿಯೇ ಇಳಿಯಲಿ ಎಂದು. ಬರೆಯುವಾಗ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ.

ನೀಲವ್ವನ ಚೀಟಿ ನನ್ನ ಡಬ್ಬಿಯಲ್ಲಿ ಬಿದ್ದ ಮೊದಲನೆಯದು. ಗುರುಪಾದನ ಡಬ್ಬಿಯ ಚೀಟಿಗಳನ್ನು ನಾನೇ ತಳದವರೆಗೂ ಒಂದೊಂದಾಗಿ ಓದಿದ್ದೆ. ಆ ಪ್ರಶ್ನೆ ಅದರಲ್ಲಿ ಇರಲಿಲ್ಲ.